ನಿಧಾನದ ದಾರಿ, ಬೀಗ ಹಾಕಿದ ಕೋಷ್ಟಕ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇಳಿಯುವ ರೈಲು ಹಾದಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 50ಕ್ಕೆ 1ರ ಇಳಿಜಾರು, ಮಳೆಗಾಲದಲ್ಲಿ ಯಾವಾಗ ಕುಸಿದೀತೋ ಹೇಳಲಾಗದ ಗುಡ್ಡ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಬೆರಳೆಣಿಕೆಯ ನಿಲ್ದಾಣಗಳು ನಡುವೆ ಇವೆ. ಹಳಿ ಒಂದೇ ಆದ್ದರಿಂದ ಹತ್ತುವ ಗಾಡಿಯೂ ಇಳಿಯುವ ಗಾಡಿಯೂ ಒಂದನ್ನೊಂದು ದಾಟಬೇಕಾದರೆ ಅದು ನಿಲ್ದಾಣದಲ್ಲೇ ಆಗಬೇಕು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಹಾದಿಯನ್ನು 1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ಇಂಥ ಹಾದಿಯಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು ಎಂಬ ಪ್ರಶ್ನೆಗೆ ರೈಲ್ವೆಯವರ ಬಳಿ ಹಳೆಯದೊಂದು ಲೆಕ್ಕವಿದೆ. ಸ್ಕಾಟ್ ಸೂತ್ರ ಎಂದು ಅದರ ಹೆಸರು. ನಿಲ್ದಾಣದಿಂದ ನಿಲ್ದಾಣಕ್ಕಿರುವ ತುಂಡುಗಳಲ್ಲಿ ಯಾವುದನ್ನು ದಾಟಲು ಅತಿ ಹೆಚ್ಚು ಹೊತ್ತು ಬೇಕೋ ಅದನ್ನು ಹಿಡಿಯಬೇಕು. ಅತಿ ನಿಧಾನದ ಗಾಡಿ ಅಲ್ಲಿ ತೆಗೆದುಕೊಳ್ಳುವ ನಿಮಿಷಗಳಿಗೆ ಮುಂದಿನ ತುಂಡು ಖಾಲಿಯಿದೆ ಎಂಬ ಲೈನ್ ಕ್ಲಿಯರ್ ಕೊಟ್ಟು ಪಡೆಯುವ ನಿಮಿಷಗಳನ್ನು ಸೇರಿಸಬೇಕು. ದಿನದ 1440 ನಿಮಿಷಗಳನ್ನು ಆ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ 70ರಷ್ಟನ್ನು ಮಾತ್ರ ನೆಚ್ಚಬೇಕು. ಮಾತಿಗೆ 40 ನಿಮಿಷ ಮತ್ತು 5 ನಿಮಿಷ ಎಂದಿಟ್ಟುಕೊಂಡರೆ ಭಾಗಾಕಾರದಲ್ಲಿ 32 ಬರುತ್ತದೆ, ಕೈಗೆ ಸಿಗುವುದು 22 ಗಾಡಿ. ಆಲೂರಿನಿಂದ ಸಕಲೇಶಪುರದವರೆಗೆ ಗಾಡಿ ಎಷ್ಟೇ ಸಲೀಸಾಗಿ ಬರಲಿ, ಈ 22 ಎಂಬುದು 23 ಆಗುವುದಿಲ್ಲ. ಇಲ್ಲಿ ಸರಾಸರಿಗೆ ಬೆಲೆಯಿಲ್ಲ, ಅತಿ ಕೆಟ್ಟ ತುಂಡು ಹೇಳಿದ್ದೇ ಮಾತು.

ಚಿಪ್ ವಿನ್ಯಾಸದವರು ಟೈಮಿಂಗ್ ಅನಾಲಿಸಿಸ್ ಎನ್ನುವುದು ಹೆಚ್ಚುಕಡಿಮೆ ಈ ಲೆಕ್ಕವನ್ನೇ. ಚಿಪ್‌ನೊಳಗೆ ಗಡಿಯಾರದ ಮಿಡಿತವೊಂದು ಇರುತ್ತದೆ. ಒಂದು ಮಿಡಿತಕ್ಕೆ ಫ್ಲಿಪ್-ಫ್ಲಾಪ್ ಎಂಬ ನೆನಪಿನ ಕೋಶದಿಂದ ಹೊರಟ ಸಂಕೇತ, ನಡುವಿನ ಗೇಟುಗಳನ್ನೂ ತಂತಿಗಳನ್ನೂ ಹಾದು, ಮುಂದಿನ ಮಿಡಿತ ಬೀಳುವಷ್ಟರಲ್ಲಿ ಇನ್ನೊಂದು ಫ್ಲಿಪ್-ಫ್ಲಾಪನ್ನು ಮುಟ್ಟಿರಬೇಕು. ಗಡಿಯಾರ 100 ಮೆಗಾಹರ್ಟ್ಸ್ ಆದರೆ ಅದಕ್ಕಿರುವ ಕಾಲ 10 ನ್ಯಾನೋಸೆಕೆಂಡ್. ಲಕ್ಷಾಂತರ ದಾರಿಗಳಲ್ಲಿ ಒಂದೇ ಒಂದು ತಡವಾದರೂ ಇಡೀ ಚಿಪ್ ಅದರ ವೇಗಕ್ಕೆ ಇಳಿಯಬೇಕು. ಬೇಗ ಬಂದರೂ ತೊಂದರೆಯೇ: ಹಿಂದಿನ ಬೆಲೆಯನ್ನು ಕೋಶ ಹಿಡಿದುಕೊಳ್ಳುವ ಮೊದಲೇ ಹೊಸದು ನುಗ್ಗಿದರೆ ಹಳೆಯದು ಅಳಿದುಹೋಗುತ್ತದೆ. ಮೊದಲನೆಯದನ್ನು ಸೆಟಪ್ ತಪ್ಪು, ಎರಡನೆಯದನ್ನು ಹೋಲ್ಡ್ ತಪ್ಪು ಎನ್ನುತ್ತಾರೆ. ಸೆಟಪ್ ತಪ್ಪಿದ ಚಿಪ್ಪನ್ನು ಗಡಿಯಾರ ನಿಧಾನಿಸಿ ಹೇಗೋ ಓಡಿಸಬಹುದು. ಹೋಲ್ಡ್ ತಪ್ಪಿದ್ದು ಕೈಗೆ ಬಂದರೆ ಕಸದ ಬುಟ್ಟಿಗೇ ಗತಿ. ಹಾಗಾಗಿ ಕಾರ್ಖಾನೆಗೆ ಕಳಿಸುವ ಮುನ್ನ ಪ್ರತಿಯೊಂದು ದಾರಿಯ ಲೆಕ್ಕವನ್ನೂ ತಪ್ಪದೆ ನೋಡುವ ಕಸುಬು ಹುಟ್ಟಿಕೊಂಡಿತು. ಕರ್ನಾಟಕದಲ್ಲಿ ಈ ಕಸುಬಿಗೆ ಈಗ ನಾಲ್ಕು ದಶಕದ ಇತಿಹಾಸವಿದೆ, ಅದರ ಹೆಚ್ಚುಪಾಲು ಬೆಂಗಳೂರಿನ ಕೆಲವು ಬಡಾವಣೆಗಳೊಳಗೇ ನಡೆದುಹೋಗಿದೆ. ಘಾಟಿಯ ಅಂಚಿನ ಸಕಲೇಶಪುರ, ಆಲೂರು ಕಡೆಯ ಮಕ್ಕಳು ಕಸುಬು ಕಲಿತಿರಬಹುದು. ಕಸುಬು ಮಾತ್ರ ಅವರ ಊರಿಗೆ ಬಂದಿಲ್ಲ. ಇದಕ್ಕೆ ಕಾರಣ ದೂರವೂ ಅಲ್ಲ, ಲೆಕ್ಕದ ಕಠಿಣತೆಯೂ ಅಲ್ಲ, ಲೆಕ್ಕಕ್ಕೆ ಬೇಕಾದ ಅಂಕಿಗಳಿಗೆ ಹಾಕಿದ್ದ ಬೀಗ ಎಂಬುದು ನನ್ನ ವಾದ. ಯಂತ್ರಕಲಿಕೆಯ ಈಗಿನ ಉತ್ಸಾಹವನ್ನೂ ಆ ಬೀಗದ ಕಡೆಯಿಂದಲೇ ಅಳೆಯಬೇಕು ಎಂದು ನನಗನ್ನಿಸುತ್ತದೆ.

ಲೆಕ್ಕ ಯಾವತ್ತೂ ಗುಟ್ಟಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 32 ಬಿಟ್‌ಗಳ ಎರಡು ಸಂಖ್ಯೆ ಕೂಡಿಸುವ ಸಾಮಾನ್ಯ ಮಂಡಲವನ್ನು ತೆಗೆದುಕೊಳ್ಳಿ. ಅದಕ್ಕೆ ಕೊಡಬಹುದಾದ ಎಲ್ಲ ಜೋಡಿಗಳನ್ನೂ ಕೊಟ್ಟು ನೋಡುತ್ತೇನೆಂದು ಹೊರಟರೆ, ಸೆಕೆಂಡಿಗೆ ನೂರು ಕೋಟಿ ಜೋಡಿಯಂತೆ ಪರೀಕ್ಷಿಸಿದರೂ 580 ವರ್ಷ ಮೀರುತ್ತದೆ. ಇದರಿಂದ ಪಾರಾಗುವ ಉಪಾಯ ಬಂದದ್ದು ಇಲೆಕ್ಟ್ರಾನಿಕ್ಸ್‌ನಿಂದಲ್ಲ, ಕಾಮಗಾರಿ ನಿರ್ವಹಣೆಯಿಂದ. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿಯ ಕೆಲಸವನ್ನು ಹತೋಟಿಯಲ್ಲಿಡಲು ಪರ್ಟ್ ಎಂಬ ವಿಧಾನ ರೂಪಿಸಿತು. ಯಾವ ಕೆಲಸ ಯಾವುದಕ್ಕೆ ಕಾಯಬೇಕು ಎಂದು ಜಾಲ ಬಿಡಿಸಿ, ಅತಿ ಉದ್ದದ ಸರಪಳಿಯನ್ನು ಹುಡುಕುವುದು ಅದರ ತಿರುಳು. ಐಬಿಎಂನ ಕರ್ಕ್‌ಪ್ಯಾಟ್ರಿಕ್ ಮತ್ತು ಕ್ಲಾರ್ಕ್ 1966ರಲ್ಲಿ ಅದೇ ಜಾಲವನ್ನು ಲಾಜಿಕ್ ಮಂಡಲಗಳ ಮೇಲೆ ಹಾಸಿದರು. ಯಾವ ಜೋಡಿ ಒಳಗೆ ಬರುತ್ತದೆ ಎಂದು ಕೇಳುವುದೇ ಬೇಡ, ಪ್ರತಿ ಗೇಟಿನಲ್ಲಿ ಅತಿ ತಡವಾಗಿ ಬರುವ ಸಂಕೇತದ ಹೊತ್ತನ್ನು ಮಾತ್ರ ಇಟ್ಟುಕೊಂಡು ಮುಂದೆ ಸಾಗಿದರೆ ಜಾಲವನ್ನು ಒಂದೇ ಸಲ ಸುತ್ತಿ ಉತ್ತರ ಪಡೆಯಬಹುದು ಎಂದು ತೋರಿಸಿಕೊಟ್ಟರು. ಇದರಲ್ಲೊಂದು ಅತಿಜಾಗರೂಕತೆಯೂ ಇದೆ. ತರ್ಕದ ಪ್ರಕಾರ ಯಾವ ಸಂಕೇತವೂ ಹಾಯಲಾರದ ದಾರಿಯನ್ನೂ ಈ ಲೆಕ್ಕ ಅಪಾಯದ ಪಟ್ಟಿಗೆ ಸೇರಿಸುತ್ತದೆ. ಅದನ್ನು ಸುಳ್ಳು ದಾರಿ ಎಂದು ಗುರುತಿಸಿ ಬಿಡಿಸುವುದು ಇವತ್ತಿಗೂ ಎಂಜಿನಿಯರನ ತಲೆನೋವು. ಹಾಗಿದ್ದರೂ ಲೆಕ್ಕ ಒಪ್ಪಿದ ಚಿಪ್ ಕೈಕೊಡುವುದಿಲ್ಲ ಎಂಬ ಭರವಸೆ ಅಲ್ಲಿಂದ ಶುರುವಾಯಿತು. 1982ರಲ್ಲಿ ಐಬಿಎಂನವರೇ ಆದ ಹಿಚ್‌ಕಾಕ್, ಸ್ಮಿತ್ ಮತ್ತು ಚೆಂಗ್ ಇದನ್ನು ದೊಡ್ಡ ಕಂಪ್ಯೂಟರುಗಳ ವಿನ್ಯಾಸಕ್ಕೆ ಹೇಗೆ ಬಳಸಿದರೆಂದು ಬಹಿರಂಗವಾಗಿ ಬರೆದು ಪ್ರಕಟಿಸಿದರು.

ಬರೀ ಪ್ರಬಂಧಗಳಲ್ಲ, ಕೆಲಸ ಮಾಡುವ ಸಲಕರಣೆಗಳೂ ಆಗ ಮುಕ್ತವಾಗಿದ್ದವು. 1983ರಲ್ಲಿ ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಜೌಪಿ ಟೈಮಿಂಗ್ ಪರೀಕ್ಷಿಸುವ ಪ್ರೋಗ್ರಾಂ ಬರೆದರು. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ ಕ್ರಿಸ್ಟಲ್ ಎಂಬುದನ್ನು ಬರೆದರು. ಚಿಪ್‌ನ ನಕ್ಷೆ ಬಿಡಿಸುವ ಮ್ಯಾಜಿಕ್ ಎಂಬ ಸಲಕರಣೆ ಹುಟ್ಟಿದ್ದೂ ಔಸ್ಟರ್‌ಹೌಟ್‌ರ ಬಳಗದಲ್ಲೇ. ಅದು ಇವತ್ತಿಗೂ ಬಳಕೆಯಲ್ಲಿದೆ. ಬರ್ಕ್ಲಿಯವರು ಇವನ್ನೆಲ್ಲ ಟೇಪಿಗೆ ತುಂಬಿ ಬೇರೆ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿದ್ದರು, ಮೂಲ ಬರಹವನ್ನೂ ಸೇರಿಸಿಯೇ. ಮುಕ್ತ ಸಲಕರಣೆ ಎಂಬುದು ನಿನ್ನೆ ಮೊನ್ನೆಯ ಆದರ್ಶವಾದಿಗಳ ಹಟವೆಂದು ತಿಳಿದವರು ಈ ವರ್ಷಗಳನ್ನು ಗಮನಿಸಬೇಕು. ಕಸುಬು ಹುಟ್ಟಿದ್ದು ತೆರೆದ ಅಂಗಳದಲ್ಲಿ. ಗೋಡೆ ಎದ್ದದ್ದು ಆಮೇಲೆ.

ಗೋಡೆ ಏಳಲು ಕಾರಣವಿತ್ತು, ಅದನ್ನು ಬರೀ ದುರಾಸೆ ಎಂದು ತಳ್ಳಿಹಾಕುವುದು ಅನ್ಯಾಯ. ಟ್ರಾನ್ಸಿಸ್ಟರ್ ಚಿಕ್ಕದಾಗುತ್ತಾ ಹೋದಂತೆ ಗೇಟಿನ ತಡಕ್ಕಿಂತ ತಂತಿಯ ತಡ ಮುಖ್ಯವಾಯಿತು. ಪಕ್ಕದ ತಂತಿಯ ಮಿಡಿತ ಈ ತಂತಿಯನ್ನು ತಡೆಯುವುದು, ಒಂದೇ ಚಿಪ್‌ನ ಎರಡು ಮೂಲೆಗಳಲ್ಲಿ ಟ್ರಾನ್ಸಿಸ್ಟರ್‌ಗಳು ಬೇರೆ ಬೇರೆ ವೇಗದಲ್ಲಿರುವುದು, ಇವೆಲ್ಲ ಲೆಕ್ಕಕ್ಕೆ ಬಂದವು. 1990ರ ದಶಕದ ಕೊನೆಯ ಹೊತ್ತಿಗೆ ಸಿನಾಪ್ಸಿಸ್ ಕಂಪನಿಯ ಪ್ರೈಮ್‌ಟೈಮ್ ಮಾರುಕಟ್ಟೆಗೆ ಬಂದು, ಸೈನ್-ಆಫ್ ಎಂಬ ಕೊನೆಯ ಸಹಿಯೆಂದರೆ ಅದರ ಮುದ್ರೆ ಎಂಬಂತಾಯಿತು. ಚಿಪ್ ತಯಾರಿಸುವ ಕಾರ್ಖಾನೆಯೂ ಕೊಳ್ಳುವವನೂ ನಂಬುವ ಒಂದು ಅಳತೆಗೋಲು ಬೇಕಿತ್ತು; ಅದನ್ನು ಕೊಟ್ಟವರು ಬೆಲೆ ಕೇಳಿದರು. ಆದರೆ ನಿಜವಾದ ಬೀಗ ಪ್ರೋಗ್ರಾಂನ ಮೇಲಿದ್ದದ್ದಲ್ಲ. ಪ್ರತಿ ಗೇಟು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬ ಕೋಷ್ಟಕಗಳನ್ನು ಲೈಬ್ರರಿ ಎನ್ನುತ್ತಾರೆ. ಅವನ್ನು ಬರೆಯುವ ಲಿಬರ್ಟಿ ಎಂಬ ಕ್ರಮ ಸಿನಾಪ್ಸಿಸ್‌ನವರದ್ದೇ, ಅದನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಕೋಷ್ಟಕದ ಮನೆಗಳನ್ನು ತುಂಬುವ ಅಂಕಿಗಳು ಮಾತ್ರ ಕಾರ್ಖಾನೆಯ ಗುಟ್ಟಾಗಿ ಉಳಿದವು. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ ಕಂಪನಿಯ ಕಟ್ಟಡದಾಚೆಗೆ ಅವು ಹೋಗುವಂತಿರಲಿಲ್ಲ. ಸ್ಕಾಟ್ ಸೂತ್ರ ಎಲ್ಲರಿಗೂ ಗೊತ್ತಿದ್ದು, ಕಡಗರವಳ್ಳಿಯಿಂದ ಎಡಕುಮೇರಿಗೆ ಗಾಡಿ ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆಂದು ಯಾರಿಗೂ ಹೇಳಕೂಡದು ಎಂದಿದ್ದರೆ ಹೇಗೋ ಹಾಗೆ.

ಬೆಂಗಳೂರು ಈ ಕಸುಬಿಗೆ ಬಂದದ್ದು ಗೋಡೆ ಇನ್ನೂ ಏಳುತ್ತಿದ್ದ ಹೊತ್ತಿನಲ್ಲೇ. ನೆಲ ಮೊದಲೇ ಹದವಾಗಿತ್ತು: ಭಾರತೀಯ ವಿಜ್ಞಾನ ಸಂಸ್ಥೆ, 1948ರ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ), 1960ರ ದಶಕದ ಆರಂಭದಿಂದಲೇ ಟ್ರಾನ್ಸಿಸ್ಟರ್ ಮಾಡುತ್ತಿದ್ದ ಭಾರತ್ ಇಲೆಕ್ಟ್ರಾನಿಕ್ಸ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದು, ಸ್ವಂತ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದೊಂದಿಗೆ ಕೆಲಸ ಶುರುಮಾಡಿತು. ಮೊದಮೊದಲು ಇಲ್ಲಿ ಮಾಡಿದ್ದು ಚಿಪ್ ಅಲ್ಲ, ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶ ಎಂಬುದನ್ನು ಈ ಕಥೆ ಹೇಳುವವರು ಹೆಚ್ಚಾಗಿ ಮರೆಯುತ್ತಾರೆ. ಅಂದರೆ ನಮ್ಮವರು ಈ ಕಸುಬಿಗೆ ಇಳಿದದ್ದೇ ಸಲಕರಣೆ ಮಾಡುವವರಾಗಿ. ಸಲಕರಣೆ ಕಂಪನಿಯದಾದ್ದರಿಂದ ಅದನ್ನು ಬರೆದ ಕೈಗಳಿಗೆ ಅದರ ಮೇಲೆ ಹಕ್ಕಿರಲಿಲ್ಲ. 1998ರಲ್ಲಿ ಅಂಕುರ್ ಎಂಬ ಸಿಗ್ನಲ್ ಪ್ರೊಸೆಸರ್ ಆ ಕಂಪನಿಯ ಬೆಂಗಳೂರು ಕೇಂದ್ರದಲ್ಲೇ ಪೂರ್ಣವಾಗಿ ವಿನ್ಯಾಸಗೊಂಡಿತು. ಆಮೇಲೆ ಒಂದರ ಹಿಂದೊಂದು ಕಂಪನಿಗಳು ಬಂದವು. ಟೈಮಿಂಗ್ ಕ್ಲೋಷರ್, ಅಂದರೆ ಪ್ರತಿ ದಾರಿಯೂ ಹೊತ್ತಿಗೆ ಮುಟ್ಟುವಂತೆ ತಿದ್ದುವ ಕೆಲಸ, ಬೆಂಗಳೂರಿನ ಮದುವೆ ಮಾತುಕತೆಗಳಲ್ಲೂ ಕೇಳಿಬರುವ ಉದ್ಯೋಗವಾಯಿತು. ಆದರೆ ಆ ಉದ್ಯೋಗ ಕಂಪನಿಯ ಲೈಸೆನ್ಸ್ ಸರ್ವರಿಗೆ ಕಟ್ಟಿಹಾಕಿದ ಉದ್ಯೋಗ. ಹತ್ತು ವರ್ಷ ಇದೇ ಲೆಕ್ಕ ತಿದ್ದಿದ ಎಂಜಿನಿಯರ್ ಕೆಲಸ ಬಿಟ್ಟ ಮರುದಿನ ಒಂದು ಗೇಟಿನ ತಡವನ್ನೂ ಲೆಕ್ಕ ಹಾಕಲಾರದವನಾಗುತ್ತಿದ್ದ. ಬಡಗಿ ಊರಿಗೆ ಮರಳುವಾಗ ಉಳಿ ಅವನ ಜೊತೆಗೇ ಬರುತ್ತದೆ. ಈ ಕಸುಬಿನವನಿಗೆ ಆ ಅವಕಾಶವಿರಲಿಲ್ಲ.

ಹಾಸನ ಜಿಲ್ಲೆಯಲ್ಲಿ ತಾಂತ್ರಿಕ ತಳಹದಿ ಇರಲಿಲ್ಲವೇ ಎಂದರೆ, ಇತ್ತು. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲೇ ಹಾಸನದಲ್ಲಿ ತೆರೆದಿತ್ತು. 1982ರಲ್ಲಿ ಇಸ್ರೋ ತನ್ನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯನ್ನು ಅದೇ ಊರಿನಲ್ಲಿ ಸ್ಥಾಪಿಸಿತು. ಇನ್ಸಾಟ್ ಸಾಲಿನ ಉಪಗ್ರಹಗಳನ್ನು ಕಕ್ಷೆಯಲ್ಲಿ ನಿಭಾಯಿಸುವ ಕೆಲಸ ಆಲೂರಿನ ನೆರೆಯಲ್ಲೇ ನಡೆಯುತ್ತ ಬಂದಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಉಪಗ್ರಹ ತಟ್ಟೆ ಬೆಂಗಳೂರಿಗೆ ಬರುವ ಮೊದಲೇ ಹಾಸನದ ತಟ್ಟೆಗಳು ಆಕಾಶ ನೋಡುತ್ತಿದ್ದವು. ಸೂಕ್ಷ್ಮ ಕೆಲಸ ಸಣ್ಣ ಊರಿನಲ್ಲಿ ಆಗದು ಎಂಬ ಮಾತಿಗೆ ಇದೊಂದೇ ಉತ್ತರ ಸಾಕು. ಅಲ್ಲಿಂದ ಪಶ್ಚಿಮಕ್ಕೆ, ಹಿಂದೆ ಮಂಜ್ರಾಬಾದ್ ತಾಲ್ಲೂಕು ಎನಿಸಿದ್ದ ಬೆಟ್ಟಸಾಲಿನಲ್ಲಿ, ಕಾಫಿ, ಏಲಕ್ಕಿ, ಮೆಣಸು ಬಿಟ್ಟರೆ ಓದಿದವರಿಗೆ ಸ್ಥಳೀಯವಾಗಿ ದಕ್ಕುವ ಕಸುಬು ಹೆಚ್ಚಿಲ್ಲ. ಕಾಫಿ ತೋಟಕ್ಕೆ ಮಳೆ ಬೇಕು, ಇಳಿಜಾರು ಬೇಕು, ನೆರಳು ಬೇಕು. ಟೈಮಿಂಗ್ ಲೆಕ್ಕಕ್ಕೆ ಬೇಕಾದದ್ದು ಕಂಪ್ಯೂಟರು, ಕರೆಂಟು ಮತ್ತು ಕೋಷ್ಟಕ. ಮೊದಲ ಎರಡು ಈ ಬೆಟ್ಟಗಳಿಗೆ ಬಂದು ಬಹಳ ಕಾಲವಾಯಿತು. ಕರೆಂಟು ಮಳೆಗಾಲದಲ್ಲಿ ದಿನಗಟ್ಟಲೆ ಕೈಕೊಡುತ್ತದೆ, ನಿಜ, ಅದು ಬೇರೆ ದೂರು. ಬರದೇ ಇದ್ದದ್ದು ಮೂರನೆಯದು.

ಅದು ಬಂದದ್ದು 2020ರಲ್ಲಿ. ಅದಕ್ಕೆ ಮುಂಚಿನ ಕೆಲವು ಹೆಜ್ಜೆಗಳನ್ನು ಬೇಗ ಹೇಳಿ ಮುಗಿಸಬಹುದು. 2015ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತ್ಸುಂಗ್-ವೇ ಹುವಾಂಗ್ ಮತ್ತು ಮಾರ್ಟಿನ್ ವಾಂಗ್ ಓಪನ್‌ಟೈಮರ್ ಎಂಬ ಮುಕ್ತ ಸಲಕರಣೆಯನ್ನು ಮುಂದಿಟ್ಟರು. ಪ್ಯಾರಲಾಕ್ಸ್ ಎಂಬ ಪುಟ್ಟ ಕಂಪನಿಯ ಜೇಮ್ಸ್ ಚೆರ್ರಿ ವರ್ಷಗಟ್ಟಲೆ ಬೇರೆ ಕಂಪನಿಗಳಿಗೆ ಮಾರುತ್ತಿದ್ದ ಟೈಮಿಂಗ್ ಎಂಜಿನ್ನನ್ನು 2018ರ ಸುಮಾರಿಗೆ ಓಪನ್‌ಎಸ್‌ಟಿಎ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟರು. ಅದೇ ವರ್ಷ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾದ ಹಣದಿಂದ, ಸ್ಯಾನ್ ಡಿಯಾಗೋದ ಆಂಡ್ರ್ಯೂ ಕಾಂಗ್ ಮುಂದಾಳುತನದಲ್ಲಿ ಓಪನ್‌ರೋಡ್ ಶುರುವಾಯಿತು; ಮನುಷ್ಯನ ಕೈ ತಾಗದೆ 24 ಗಂಟೆಯಲ್ಲಿ ಚಿಪ್‌ನ ನಕ್ಷೆ ಸಿದ್ಧವಾಗಬೇಕೆಂಬುದು ಅದರ ಗುರಿ. ಇವೆಲ್ಲ ಪ್ರೋಗ್ರಾಂಗಳು, ಕೋಷ್ಟಕವಿಲ್ಲದೆ ಇವು ಧಾನ್ಯ ಕಾಣದ ಬೀಸುಕಲ್ಲು. 2020ರಲ್ಲಿ ಗೂಗಲ್ ಕಂಪನಿಯೂ ಅಮೆರಿಕದ ಸ್ಕೈವಾಟರ್ ಕಾರ್ಖಾನೆಯೂ ಸೇರಿ 130 ನ್ಯಾನೋಮೀಟರ್ ತಂತ್ರದ ಪಿಡಿಕೆಯನ್ನು, ಅಂದರೆ ಕಾರ್ಖಾನೆಯ ನಿಯಮಗಳನ್ನೂ ಗೇಟುಗಳ ಅಳತೆಗಳನ್ನೂ, ಯಾವ ಕರಾರಿಗೂ ಸಹಿ ಕೇಳದೆ ಹೊರಗಿಟ್ಟವು. ನನ್ನ ಮಟ್ಟಿಗೆ ಈ ಕಸುಬಿನ ಇತಿಹಾಸ ಎರಡು ಭಾಗವಾಗುವುದು ಅಲ್ಲಿ.

ಆ ಪಿಡಿಕೆಯ ಲೈಬ್ರರಿ ಕಡತವನ್ನು ಬಿಚ್ಚಿ ನೋಡಿದರೆ ಏನಿದೆ? ಪ್ರತಿ ಗೇಟಿಗೂ ಏಳು ಸಾಲು, ಏಳು ಕಂಬಗಳ ಪಟ್ಟಿ. ಸಾಲು ಹೇಳುವುದು ಒಳಬರುವ ಸಂಕೇತ ಎಷ್ಟು ಚುರುಕಾಗಿ ಏರುತ್ತದೆ ಎಂಬುದನ್ನು, 0.01 ನ್ಯಾನೋಸೆಕೆಂಡಿನಿಂದ 1.5ರವರೆಗೆ, ಕಂಬ ಹೇಳುವುದು ಆ ಗೇಟು ಮುಂದೆ ಎಷ್ಟು ಹೊರೆ ಎಳೆಯಬೇಕು ಎಂಬುದನ್ನು. ಸಾಲೂ ಕಂಬವೂ ಸೇರುವ ಮನೆಯಲ್ಲಿ ತಡ. ಅದೇ ಗೇಟಿಗೆ ಬೇರೆ ಬೇರೆ ಕಾರ್ನರ್‌ಗಳಿವೆ: 25 ಡಿಗ್ರಿ ಸೆಲ್ಸಿಯಸ್, 1.80 ವೋಲ್ಟ್‌ನಲ್ಲಿ ಸಾಧಾರಣ. 100 ಡಿಗ್ರಿ, 1.60 ವೋಲ್ಟ್‌ನಲ್ಲಿ ನಿಧಾನ. ಸೊನ್ನೆಗಿಂತ 40 ಡಿಗ್ರಿ ಕೆಳಗೆ, 1.95 ವೋಲ್ಟ್‌ನಲ್ಲಿ ಚುರುಕು. ಸೆಟಪ್ ತಪ್ಪನ್ನು ನಿಧಾನದ ಕಡತದಲ್ಲಿ ಹುಡುಕಬೇಕು, ಹೋಲ್ಡ್ ತಪ್ಪನ್ನು ಚುರುಕಿನದರಲ್ಲಿ. ಓಪನ್‌ಎಸ್‌ಟಿಎಗೆ ಕಡತವನ್ನೂ ನೆಟ್‌ಲಿಸ್ಟ್ ಎಂಬ ಗೇಟುಗಳ ಜೋಡಣೆಯ ಪಟ್ಟಿಯನ್ನೂ ಗಡಿಯಾರದ ಅವಧಿಯನ್ನೂ ಕೊಟ್ಟು ವರದಿ ಕೇಳಿದರೆ, ಹೊರಟ ಫ್ಲಿಪ್-ಫ್ಲಾಪ್ ಯಾವುದು, ಮುಟ್ಟಿದ್ದು ಯಾವುದು, ನಡುವೆ ಪ್ರತಿ ಗೇಟಿನಲ್ಲಿ ಎಷ್ಟು ಕಳೆಯಿತು, ಒಟ್ಟು ಎಷ್ಟಾಯಿತು ಎಂದು ಸಾಲುಸಾಲಾಗಿ ಬರುತ್ತದೆ. ಕೊನೆಯಲ್ಲಿ ಬಂದ ಹೊತ್ತು, ಬರಬೇಕಿದ್ದ ಹೊತ್ತು, ಎರಡರ ವ್ಯತ್ಯಾಸವಾದ ಸ್ಲ್ಯಾಕ್. ಬರಬೇಕಿದ್ದದ್ದು 9.80, ಬಂದದ್ದು 9.32 ಆದರೆ 0.48 ಉಳಿತಾಯ. ಬಂದದ್ದು 9.95 ಆಗಿಬಿಟ್ಟರೆ ಮುಂದೆ ಮೈನಸ್ ಗುರುತು, ಪಕ್ಕದಲ್ಲಿ ತಪ್ಪಿದೆ ಎಂಬ ಷರಾ. ಸಾಧಾರಣ ಲ್ಯಾಪ್‌ಟಾಪ್ ಇದಕ್ಕೆ ಸಾಕು. ಸಕಲೇಶಪುರ ಕಡೆಯ ಬಾಳ್ಳುಪೇಟೆಯಲ್ಲಿ ಕೂತು ಮಾಡಿದರೂ ವೈಟ್‌ಫೀಲ್ಡ್‌ನಲ್ಲಿ ಕೂತು ಮಾಡಿದರೂ ಬರುವ ಸಂಖ್ಯೆ ಒಂದೇ.

ಯಂತ್ರಕಲಿಕೆ ಎಲ್ಲಿ ಬರುತ್ತದೆ ಎಂಬುದನ್ನು ಈಗ ನೋಡಬಹುದು. ಗೇಟುಗಳನ್ನು ಜಾಗದಲ್ಲಿ ಕೂರಿಸಿದ ಮೇಲೂ ತಂತಿ ಎಳೆಯುವವರೆಗೆ ತಂತಿಯ ತಡ ಎಷ್ಟೆಂದು ಸರಿಯಾಗಿ ತಿಳಿಯದು. ದೊಡ್ಡ ಚಿಪ್‌ನಲ್ಲಿ ತಂತಿ ಎಳೆಯಲು ದಿನಗಳೇ ಹಿಡಿಯುತ್ತವೆ; ಎಳೆದಾದ ಮೇಲೆ ಸ್ಲ್ಯಾಕ್ ಮೈನಸ್ ಬಂದರೆ ಮತ್ತೆ ಮೊದಲಿನಿಂದ. ಹಿಂದಿನ ಸಾವಿರಾರು ವಿನ್ಯಾಸಗಳನ್ನು ನೋಡಿ ಕಲಿತ ಮಾದರಿಯೊಂದು, ತಂತಿ ಎಳೆಯುವ ಮುನ್ನವೇ ಎಲ್ಲಿ ತೊಂದರೆ ಬಂದೀತೆಂದು ಊಹಿಸಿದರೆ ಸುತ್ತುಗಳು ಕಡಿಮೆಯಾಗುತ್ತವೆ. ಕಾಂಗ್ ಬಳಗದವರು 2014ರಲ್ಲೇ ಎರಡು ಟೈಮಿಂಗ್ ಸಲಕರಣೆಗಳ ಉತ್ತರಗಳ ನಡುವಿನ ಅಂತರವನ್ನು ಕಲಿತು ತಿದ್ದುವ ಮಾದರಿಯನ್ನು ಪ್ರಕಟಿಸಿದ್ದರು. 2022ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋಗಿ, ಟೈಮಿಂಗ್ ಎಂಜಿನ್ ಜಾಲದಲ್ಲಿ ಹೆಜ್ಜೆಹೆಜ್ಜೆಯಾಗಿ ಸಾಗುವ ಕ್ರಮವನ್ನೇ ಅನುಕರಿಸುವ ನರಜಾಲ ಕಟ್ಟಿ, ತಂತಿ ಎಳೆಯುವ ಮೊದಲೇ ಸ್ಲ್ಯಾಕ್ ಊಹಿಸಿದರು. ನನ್ನ ವಾದಕ್ಕೆ ಇಲ್ಲಿ ಮುಖ್ಯವಾದದ್ದು ಅವರ ಜಾಣ್ಮೆಯಲ್ಲ, ಅವರು ಕಲಿಸಲು ಬಳಸಿದ ಸಾಮಗ್ರಿ: ಓಪನ್‌ರೋಡ್ ಸಲಕರಣೆ, ಸ್ಕೈವಾಟರ್ 130 ಲೈಬ್ರರಿ. ಬೀಗ ತೆರೆದಿದ್ದರಿಂದಲೇ ಆ ದತ್ತಾಂಶವನ್ನು ಅವರು ಎಲ್ಲರೆದುರು ಇಡಲು ಸಾಧ್ಯವಾಯಿತು. ಬೀಗ ತೆರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2021ರಲ್ಲಿ ಗೂಗಲ್ ಸಂಶೋಧಕರು ಚಿಪ್‌ನ ದೊಡ್ಡ ತುಂಡುಗಳನ್ನು ಜೋಡಿಸಲು ಕಲಿತ ಯಂತ್ರದ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಅದು ಹಳೆಯ ವಿಧಾನಗಳಿಗಿಂತ ನಿಜಕ್ಕೂ ಮೇಲೋ ಅಲ್ಲವೋ ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. 2023ರಲ್ಲಿ ಕಾಂಗ್ ತಂಡ ಮುಕ್ತ ಸಾಮಗ್ರಿಯಿಂದ ಮರುಪರೀಕ್ಷೆ ಮಾಡಿ ಸಂದೇಹ ಎತ್ತಿತು, ಗೂಗಲ್‌ನವರು ಆ ಪರೀಕ್ಷೆ ಸರಿಯಿಲ್ಲವೆಂದರು. ಎರಡೂ ಕಡೆಯವರು ಒಂದೇ ಕೋಷ್ಟಕ, ಒಂದೇ ದತ್ತಾಂಶ ಮುಂದಿಟ್ಟುಕೊಂಡಿದ್ದರೆ ಈ ಜಗಳ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ನನ್ನ ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಕಲಿತ ಯಂತ್ರದ ಮೇಲೆಯೇ. ನೂರರಲ್ಲಿ 98 ದಾರಿಗಳನ್ನು ಸರಿಯಾಗಿ ಊಹಿಸುವ ಮಾದರಿ ಬೇರೆ ಕಡೆ ಹೆಮ್ಮೆಯ ವಿಷಯವಾಗಬಹುದು. ಇಲ್ಲಿ ಉಳಿದ ಎರಡರಲ್ಲೇ ಚಿಪ್ ಸಾಯುತ್ತದೆ. 1966ರಿಂದ ಬಂದ ಇಡೀ ಪದ್ಧತಿಯ ಪ್ರಾಣ ಇರುವುದೇ ಅತಿ ಕೆಟ್ಟದ್ದನ್ನು ಬಿಡದೆ ಹಿಡಿಯುವುದರಲ್ಲಿ, ಊಹೆಗೆ ಆ ಗುಣವಿಲ್ಲ. ಎಡಕುಮೇರಿಯ ಸ್ಟೇಷನ್ ಮಾಸ್ತರು ಮುಂದಿನ ತುಂಡು ಬಹುಶಃ ಖಾಲಿಯಿದೆ ಎಂದು ಲೈನ್ ಕ್ಲಿಯರ್ ಕೊಡುವುದಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪಿಯೇ ಹೇಳುವುದು ಇಷ್ಟು: ಕೊನೆಯ ಸಹಿ ಹಳೆಯ ಲೆಕ್ಕದ್ದೇ ಇರಲಿ, ಅದಕ್ಕೆ ಮುಂಚಿನ ಹತ್ತು ಸುತ್ತುಗಳಲ್ಲಿ ಊಹೆ ದುಡಿಯಲಿ. ಊಹೆ ತಪ್ಪಿದರೆ ಹೋಗುವುದು ಸಮಯ, ಚಿಪ್ ಅಲ್ಲ. ಈ ಹಂಚಿಕೆಗೆ ಯಾರ ಕೈಯಲ್ಲೂ ಇರಬಹುದಾದ ನಂಬಿಕಸ್ತ ಲೆಕ್ಕದ ಎಂಜಿನ್ ಬೇಕು. ಅಂದರೆ ಯಂತ್ರಕಲಿಕೆ ಬಂದಷ್ಟೂ ಮುಕ್ತ ಟೈಮರ್‌ನ ಅಗತ್ಯ ಹೆಚ್ಚುತ್ತದೆ, ತಗ್ಗುವುದಿಲ್ಲ.

ಎರಡನೆಯ ಆಕ್ಷೇಪ ಗುಣಮಟ್ಟದ್ದು. ಫೋನಿನೊಳಗಿನ ಚಿಪ್ 3 ನ್ಯಾನೋಮೀಟರ್‌ಗೆ ಇಳಿದಿರುವಾಗ 130ರ ಕೋಷ್ಟಕ ಹಿಡಿದು ಕಲಿತರೆ ಯಾರು ಕೆಲಸ ಕೊಡುತ್ತಾರೆ, ಮುಕ್ತ ಸಲಕರಣೆ ಅಷ್ಟು ಕೆಳಗೆ ಇಳಿಯಬಲ್ಲದೇ ಎಂದು. ತೀರ ಸಣ್ಣ ತಂತ್ರಗಳಲ್ಲಿ ಕೊನೆಯ ಸಹಿಗೆ ಮುಕ್ತ ಸಲಕರಣೆ ಇನ್ನೂ ತಯಾರಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾರತ ಸ್ವತಃ ಮಾಡುವ, ಮಾಡಹೊರಟ ಚಿಪ್‌ಗಳನ್ನು ನೋಡಿ. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ ತಂತ್ರ 180 ನ್ಯಾನೋಮೀಟರ್. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ನ ಒಂದು ಆವೃತ್ತಿ 2018ರಲ್ಲಿ ತಯಾರಾದದ್ದು ಅಲ್ಲೇ. 2024ರಲ್ಲಿ ಒಪ್ಪಿಗೆ ಪಡೆದ ಧೋಲೇರಾದ ಟಾಟಾ ಕಾರ್ಖಾನೆ ಶುರುವಾಗುವುದು 28ರಿಂದ ಮೇಲಿನ ತಂತ್ರಗಳಲ್ಲಿ. ಪಂಪ್‌ಸೆಟ್ ನಿಯಂತ್ರಕ, ವಿದ್ಯುತ್ ಮೀಟರ್, ತೇವಾಂಶ ಅಳೆಯುವ ಸೆನ್ಸರ್, ಇವಕ್ಕೆ ಬೇಕಾದದ್ದೂ ಈ ದಪ್ಪ ತಂತ್ರಗಳೇ. ಮುಕ್ತ ಸಲಕರಣೆ ಎಲ್ಲಿ ಗಟ್ಟಿಯೋ ದೇಶದ ಅಗತ್ಯವೂ ಅಲ್ಲೇ ಇರುವಾಗ 3 ನ್ಯಾನೋಮೀಟರ್ ಬರಲಿಲ್ಲವೆಂದು ಮುಖ ತಿರುಗಿಸುವುದು ಬುದ್ಧಿವಂತಿಕೆಯಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು: ಕಸುಬು ಬೆಂಗಳೂರಿನಲ್ಲಿ ಕೂಡಿಕೊಂಡದ್ದು ಬೀಗದಿಂದಲ್ಲ, ಜನರಿಂದ ಎಂಬುದು. ಕಲಿಸುವ ಹಿರಿಯರು, ಕೆಲಸ ಬದಲಿಸಲು ಪಕ್ಕದ ಕಂಪನಿ, ಗಿರಾಕಿ, ವಿಮಾನ ನಿಲ್ದಾಣ, ಎಲ್ಲ ಅಲ್ಲಿವೆ. ಮುಚ್ಚಿದ ಸಲಕರಣೆಯ ಕಾಲದಲ್ಲೇ ಮಣಿಪಾಲದಲ್ಲಿ ಕಾರ್ಮಿಕ್, 2005ರಿಂದ ಹುಬ್ಬಳ್ಳಿಯಲ್ಲಿ ಸಂಕಲ್ಪ್ ಸೆಮಿಕಂಡಕ್ಟರ್ ಚಿಪ್ ವಿನ್ಯಾಸ ಮಾಡಿ ತೋರಿಸಿವೆಯಲ್ಲ ಎಂದೂ ಕೇಳಬಹುದು. ಈ ಎರಡು ಉದಾಹರಣೆಗಳು ನಾನು ಹೇಳಿದ್ದನ್ನು ತಿದ್ದುತ್ತವೆ, ಅಲ್ಲಗಳೆಯುವುದಿಲ್ಲ. ಬೀಗದ ಕೈಯನ್ನು ಕೊಳ್ಳಬಲ್ಲ ಕಂಪನಿಯೊಂದು ಮನಸ್ಸು ಮಾಡಿದರೆ ಸಣ್ಣ ಊರಿಗೂ ಕಸುಬು ಹೋಗುತ್ತದೆ ಎಂಬುದನ್ನು ಅವು ತೋರಿಸುತ್ತವೆ. ಕಂಪನಿಯಿಲ್ಲದೆ, ಒಬ್ಬಂಟಿ ಎಂಜಿನಿಯರನ ಜೊತೆಗೋ ಒಬ್ಬ ಅಧ್ಯಾಪಕಿಯ ಜೊತೆಗೋ ಹೋಗುತ್ತದೆಂದು ತೋರಿಸುವುದಿಲ್ಲ. ಜನ ಗುಂಪಾಗುವುದು ಸಲಕರಣೆ ಇರುವಲ್ಲಿ ಎಂಬುದೂ ನಿಜವೇ. ಬೀಗ ತೆರೆದ ಮಾತ್ರಕ್ಕೆ ನಾಳೆ ಸಕಲೇಶಪುರದ ತೇಜಸ್ವಿ ವೃತ್ತದಲ್ಲಿ ಚಿಪ್ ಕಂಪನಿಗಳ ಬೋರ್ಡು ಏಳುವುದೆಂದು ನಾನು ಹೇಳುತ್ತಿಲ್ಲ. ಏಳದಿರಲು ಮುಂದೆ ಬೇರೆ ಕಾರಣಗಳಿರುತ್ತವೆ. ಇಷ್ಟು ವರ್ಷ ಆ ಕಾರಣಗಳನ್ನು ಪರೀಕ್ಷಿಸುವ ಅವಕಾಶವೇ ಇರಲಿಲ್ಲ.

ಕೊನೆಯದು ಸರ್ಕಾರದ ಕಡೆಯಿಂದ ಬರುವ ಮಾತು. 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಾನ್ ಕಾರ್ಯಕ್ರಮ ಘೋಷಣೆಯಾಯಿತು. ಅದರ ಬೆನ್ನಿಗೆ ಬೆಂಗಳೂರಿನಲ್ಲಿರುವ ಸರ್ಕಾರಿ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಚಿಪ್-ಇನ್ ಕೇಂದ್ರ ತೆರೆದು, ದೊಡ್ಡ ಕಂಪನಿಗಳ ಸಲಕರಣೆಗಳನ್ನೇ ದೇಶದ ಕಾಲೇಜುಗಳಿಗೆ ದೂರದಿಂದ ಬಳಸಲು ಕೊಡಲಾಗುತ್ತಿದೆ. ವಿದ್ಯಾರ್ಥಿಗಳ ಚಿಪ್‌ಗಳು ಮೊಹಾಲಿಯಲ್ಲಿ ತಯಾರಾಗಿ ಬಂದೂ ಇವೆ. ಹಾಗಿದ್ದ ಮೇಲೆ ಕೈಗೆ ಸಿಕ್ಕ ಒಳ್ಳೆಯದನ್ನು ಬಿಟ್ಟು ಅರೆಬರೆ ಮುಕ್ತ ಸಲಕರಣೆಗೆ ಯಾಕೆ ಅಂಟಿಕೊಳ್ಳಬೇಕು? ಚಿಪ್-ಇನ್ ದೊಡ್ಡ ಕೆಲಸ, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ಅದು ಬೀಗ ತೆಗೆದದ್ದಲ್ಲ, ಬೀಗದ ಕೈಯನ್ನು ಕೆಲ ಹೊತ್ತು ಎರವಲು ಕೊಟ್ಟದ್ದು. ಪಟ್ಟಿಯಲ್ಲಿರುವ ಸಂಸ್ಥೆಗೆ ಮಾತ್ರ ಅದು ಸಿಗುತ್ತದೆ. ಪದವಿ ಮುಗಿಸಿ ಹೊರಬಿದ್ದವನಿಗೆ ಮತ್ತೆ ಹಳೆಯ ಗತಿ. ಯಂತ್ರಕಲಿಕೆಯ ಮಟ್ಟಿಗಂತೂ ಎರವಲು ಕೈಯಿಂದ ಪ್ರಯೋಜನ ಕಡಿಮೆ. ಮುಚ್ಚಿದ ಸಲಕರಣೆಗಳ ಕರಾರುಗಳು ಸಾಮಾನ್ಯವಾಗಿ ಅವುಗಳ ಫಲಿತಾಂಶವನ್ನು ಹೋಲಿಸಿ ಪ್ರಕಟಿಸಲು ಬಿಡುವುದಿಲ್ಲ. ಮಾದರಿಗೆ ಕಲಿಸಿದ ಅಂಕಿಗಳನ್ನು ತೋರಿಸಲಾಗದ ಸಂಶೋಧನೆಯನ್ನು ಇನ್ನೊಬ್ಬರು ನಂಬಬೇಕಾದ ಅಗತ್ಯವೂ ಇಲ್ಲ.

ಮುಕ್ತ ದಾರಿಗೂ ಅದರದ್ದೇ ದೌರ್ಬಲ್ಯಗಳಿವೆ. ಸ್ಕೈವಾಟರ್ ಕೋಷ್ಟಕದ ಮೇಲೆ ವಿನ್ಯಾಸ ಮಾಡಿದವರ ಚಿಪ್‌ಗಳನ್ನು ಒಟ್ಟುಗೂಡಿಸಿ ಕಾರ್ಖಾನೆಗೆ ಕಳಿಸುತ್ತಿದ್ದ ಇಫ್ಯಾಬ್‌ಲೆಸ್ ಕಂಪನಿ 2025ರಲ್ಲಿ ಬಾಗಿಲು ಮುಚ್ಚಿತು. ಅದನ್ನು ನೆಚ್ಚಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ಅಷ್ಟಾದರೂ ಕೋಷ್ಟಕಗಳು ಹಿಂದಕ್ಕೆ ಹೋಗಲಿಲ್ಲ, ಒಮ್ಮೆ ಹೊರಬಿದ್ದ ಅಂಕಿಯನ್ನು ಯಾರೂ ಒಳಗೆ ಹಾಕಲಾರರು. ಗ್ಲೋಬಲ್‌ಫೌಂಡ್ರೀಸ್ 2022ರಲ್ಲಿ ತನ್ನ 180 ನ್ಯಾನೋಮೀಟರ್ ತಂತ್ರದ ಪಿಡಿಕೆಯನ್ನು ತೆರೆಯಿತು. ಜರ್ಮನಿಯ ಸಾರ್ವಜನಿಕ ಸಂಶೋಧನಾ ಸಂಸ್ಥೆ ಐಎಚ್‌ಪಿ ತನ್ನ 130 ನ್ಯಾನೋಮೀಟರ್‌ನದನ್ನು ತೆರೆಯಿತು. ಆದರೆ ಮೊಹಾಲಿಯ 180 ನ್ಯಾನೋಮೀಟರ್ ಕೋಷ್ಟಕಗಳು ಕರಾರಿಗೆ ಸಹಿ ಮಾಡಿದ ಸಂಸ್ಥೆಗಳ ಕೈಗಷ್ಟೇ ಸೇರುತ್ತ ಬಂದಿವೆ. ಅವನ್ನು ಅಳೆಯಲು ಸಂದಾಯವಾದದ್ದು ತೆರಿಗೆಯ ಹಣ, ಆ ತೆರಿಗೆಯಲ್ಲಿ ಆಲೂರಿನ ಅಂಗಡಿಯವನ ಪಾಲೂ ಇದೆ. ಖಾಸಗಿ ಕಂಪನಿಯೊಂದು ಲಾಭದ ಲೆಕ್ಕ ಹಾಕಿ ತೆರೆದಿಟ್ಟದ್ದನ್ನು ಸರ್ಕಾರಿ ಪ್ರಯೋಗಾಲಯ ಮುಚ್ಚಿಟ್ಟುಕೊಳ್ಳುವುದಕ್ಕೆ ಏನು ಕಾರಣ ಎಂದು ಕೇಳುವ ಹಕ್ಕು ಅವನಿಗಿದೆ.